ಉದಾವರ್ತಿನಿಯೂ ಜೈನ ವೈದ್ಯದ ಪಥ್ಯವಿವೇಕವೂ

ವಾತದ ಊರ್ಧ್ವಗತಿಯಿಂದ ಋತುಕಾಲದಲ್ಲಿ ಶೂಲೆ, ರಕ್ತವು ಹೊರಬಿದ್ದೊಡನೆ ಉಪಶಮನ: ಇದು ಚರಕಸಂಹಿತೆಯು ಹೇಳುವ ‘ಉದಾವರ್ತಿನಿ’ಯ ಲಕ್ಷಣ. ಜೈನ ವೈದ್ಯರಿಗೆ ಇಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಔಷಧದಿಂದ ರೋಗವು ಶಮನವಾದೀತೆ? 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಸಂಸ್ಕೃತ ‘ಕಲ್ಯಾಣಕಾರಕ’ದ ಹಿತಾಹಿತ ಪ್ರಕರಣದಲ್ಲಿ ಮಾಂಸವು ಔಷಧಕ್ಕೆ ಅನಗತ್ಯವೆಂದು ಸಾಧಿಸಿದರು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿ ಇದೇ ಮಾರ್ಗವನ್ನು ಹಿಡಿದನು.

ಮಂಗಳೂರಿನ ಶ್ರಾವಕಗೃಹದ ಮನೆಮದ್ದಿಗೂ ಈ ವಿವೇಕವು ಸಲ್ಲುತ್ತದೆ. ಹಸಿಶುಂಠಿಯು ಅನಂತಕಾಯವಾದುದರಿಂದ ವರ್ಜ್ಯ; ಒಣಶುಂಠಿ ಗ್ರಾಹ್ಯ. ಜೀರಿಗೆಯೊಡನೆ ಅದನ್ನು ಕುದಿಸಿ, ಜೇನಿಗೆ ಬದಲಾಗಿ ಬೆಲ್ಲ ಬೆರೆಸಿದ ಬಿಸಿ ಕಷಾಯವು ವ್ರತಕ್ಕೆ ಬಾಧಕವಲ್ಲ. ಪ್ರೊಸ್ಟಾಗ್ಲಾಂಡಿನ್ ಹೆಚ್ಚಿ ಗರ್ಭಾಶಯದ ಸ್ನಾಯು ಬಿಗಿಯುವುದೇ ನೋವಿಗೆ ಕಾರಣವೆಂಬುದು ಆಧುನಿಕ ವೈದ್ಯದ ನಿರ್ಣಯ. ಶುಂಠಿಯ ಪುಡಿಯಿಂದ ಅದು ತಗ್ಗುವುದನ್ನು ಕೆಲವು ಪ್ರಯೋಗಗಳು ತೋರಿಸಿವೆ. ಆದರೆ ತಿಂಗಳಿಂದ ತಿಂಗಳಿಗೆ ಹೆಚ್ಚುವ ನೋವನ್ನು ಪಥ್ಯದಿಂದಲೇ ಸಹಿಸುವುದು ವಿವೇಕವಲ್ಲ. ವೈದ್ಯರ ಪರೀಕ್ಷೆ ಅಗತ್ಯ.

ಕೆ. ಭುಜಬಲಿ ಶಾಸ್ತ್ರಿಗಳ ಸೂಚಿಯು 1948ರಲ್ಲಿ ಮೂಡಬಿದಿರೆಯ ತಾಡಪತ್ರಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿತು. ಸೂಚಿಗೆ ಸಿಕ್ಕುವುದು ಓಲೆ ಮಾತ್ರ. ಅಜ್ಜಿಯರ ಬಾಯಲ್ಲಿ ಉಳಿದ ಯೋಗಗಳು ಇನ್ನೂ ಲಿಪಿಯನ್ನು ಕಾಯುತ್ತಿವೆ. ಅವುಗಳ ಸಂಗ್ರಹವೂ ಗ್ರಂಥರಕ್ಷಣೆಯೇ ಸರಿ.