ಅಖಂಡ ತಂತು ಮುದ್ರಣ
ಪ್ಲಾಸ್ಟಿಕ್ ಪದರಗಳ ನಡುವೆ ಕಾರ್ಬನ್, ಗಾಜು ಅಥವಾ ಕೆವ್ಲಾರ್‌ನ ತುಂಡಾಗದ ಎಳೆಗಳನ್ನು ಹುದುಗಿಸುತ್ತ, ಅಚ್ಚಿನ ನೆರವಿಲ್ಲದೆ, ಕಂಪ್ಯೂಟರಿನ ನಕ್ಷೆಯಿಂದ ನೇರವಾಗಿ ದೃಢವಾದ ಬಿಡಿಭಾಗಗಳನ್ನು ನಿರ್ಮಿಸುವ ತ್ರಿವಿಮ ಮುದ್ರಣ ವಿಧಾನ. 2014ರಲ್ಲಿ ಅಮೆರಿಕದ ಮಾರ್ಕ್‌ಫೋರ್ಜ್ಡ್ ಸಂಸ್ಥೆಯು ಪ್ರಕಟಿಸಿದ ಮಾರ್ಕ್ ಒನ್ ಯಂತ್ರದಿಂದ ಇದು ಪ್ರಸಿದ್ಧಿಗೆ ಬಂದಿತು. ಯಂತ್ರದ ಒಂದು ಮೂತಿಯು ಕರಗಿದ ನೈಲಾನನ್ನು ಸುರಿದು ಹೊರಮೈಯನ್ನು ಕಟ್ಟುತ್ತಿರಲು, ಇನ್ನೊಂದು ಮೂತಿಯು ಪ್ಲಾಸ್ಟಿಕ್ ಲೇಪಿತ ಎಳೆಯನ್ನು ಕಾಯಿಸಿ, ಪದರದ ಮೇಲೆ ಒತ್ತಿ ಹಾಸಿ, ಪಥದ ಕೊನೆಯಲ್ಲಿ ಅದನ್ನು ಕತ್ತರಿಸುತ್ತದೆ. ಭಾರವು ಯಾವ ದಿಕ್ಕಿನಲ್ಲಿ ಬೀಳುವುದೋ ಆ ದಿಕ್ಕಿಗೇ ಎಳೆಗಳನ್ನು ಹರಿಸಲು, ಬೋಲ್ಟು ಕೂರುವ ರಂಧ್ರದ ಸುತ್ತ ಅವನ್ನು ಉಂಗುರದಂತೆ ಬಳಸಲು ಸಾಧ್ಯವಾಗುವುದೇ ಈ ವಿಧಾನದ ಹಿರಿಮೆ. ಆದರೆ ಪದರಪದರಗಳ ನಡುವಣ ಬಂಧವು ಕೇವಲ ಪ್ಲಾಸ್ಟಿಕ್ಕಿನದಾದುದರಿಂದ ಲಂಬ ದಿಕ್ಕಿನಲ್ಲಿ ಭಾಗವು ದುರ್ಬಲವಾಗಿಯೇ ಉಳಿಯುತ್ತದೆ. ಮೂಲಮಾದರಿ, ಜಿಗ್, ಫಿಕ್ಸ್‌ಚರ್ ಹಾಗೂ ಅಲ್ಪಸಂಖ್ಯೆಯಲ್ಲಿ ಬೇಕಾಗುವ ಯಂತ್ರಭಾಗಗಳ ತಯಾರಿಕೆಗೆ ಇದು ವಿಶೇಷವಾಗಿ ಉಪಯುಕ್ತ.