ಭಯ ಹೆಣೆದ ಬಂಧ: ಜೋನ್ಸ್‌ಟೌನ್ ಪ್ರಕರಣದ ಒಂದು ಮರುಪರಿಶೀಲನೆ

1978ರ ನವೆಂಬರ್ 18ರಂದು ಗಯಾನಾದ ಕಾಡಿನೊಳಗಿನ ಜೋನ್ಸ್‌ಟೌನ್ ಎಂಬ ನೆಲೆಯಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಮಂದಿಯನ್ನು ಕೊಂದದ್ದು ಸಯನೈಡ್ ಬೆರೆಸಿದ ಪಾನೀಯ. ಅವರಲ್ಲಿ ಸುಮಾರು 300 ಮಂದಿ ಮಕ್ಕಳು, ಹದಿಹರೆಯದವರು. ಇದನ್ನು ಸಾಮೂಹಿಕ ಆತ್ಮಹತ್ಯೆ ಎನ್ನುವುದು ರೂಢಿ. ಸಿರಿಂಜಿನಿಂದ ಬಾಯಿಗೆ ವಿಷ ಸುರಿಸಿಕೊಂಡ ಕೂಸಿಗೆ ಆ ಮಾತು ಸಲ್ಲದು. ದೊಡ್ಡವರ ವಿಷಯದಲ್ಲೂ ಆ ಪದ ಮುಖ್ಯ ಪ್ರಶ್ನೆಯನ್ನೇ ಮುಚ್ಚಿಹಾಕುತ್ತದೆ: ಕೂಸನ್ನು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವ ಸ್ಥಿತಿಗೆ ತಾಯಿಯೊಬ್ಬಳು ಬಂದದ್ದು ಹೇಗೆ? ನಾಯಕನ ಮೇಲಿನ ಭಕ್ತಿಯೇ ಕಾರಣ ಎಂಬ ಉತ್ತರ ಸಾಲದು. ಸದಸ್ಯರು ಪರಸ್ಪರ ಇಟ್ಟುಕೊಂಡಿದ್ದ ನಂಬಿಕೆಯನ್ನು ವರ್ಷಗಟ್ಟಲೆ ಕಡಿಯುತ್ತ ಬಂದದ್ದರಿಂದಲೇ ಆ ಭಕ್ತಿಗೆ ಅಷ್ಟು ಬಲ ಬಂತು ಎಂಬುದು ಈ ಲೇಖನದ ವಾದ.

ಆ ನಾಯಕ ಜಿಮ್ ಜೋನ್ಸ್ 1950ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಟ್ಟಿದ ಪೀಪಲ್ಸ್ ಟೆಂಪಲ್ ಎಂಬ ಧಾರ್ಮಿಕ ಗುಂಪು ಕರಿಯರನ್ನೂ ಬಿಳಿಯರನ್ನೂ ಒಂದೇ ಪೀಠದಲ್ಲಿ ಕೂರಿಸಿತು, ಹಸಿದವರಿಗೆ ಊಟ ಹಾಕಿತು, ಮುದುಕರನ್ನು ನೋಡಿಕೊಂಡಿತು. ಆ ಕಾಲದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಬಂದವರನ್ನು ಮರುಳರೆಂದು ತಳ್ಳಿಹಾಕುವವರು ಇದನ್ನು ಮರೆಯುತ್ತಾರೆ. ಆದರೆ ಜೋನ್ಸ್‌ನನ್ನು 'ಡ್ಯಾಡ್' ಎಂದು ಕರೆಯುವುದು ವಾಡಿಕೆಯಾಗುತ್ತಿದ್ದಂತೆ ಉಳಿದ ನಂಟುಗಳು ಸಡಿಲಗೊಂಡವು. ಗಂಡ ಹೆಂಡಿರ ಸಂಬಂಧದಲ್ಲಿ ಅವನ ಕೈಯಾಡಿತು. ಸಭೆಯಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ಆಡಬೇಕಾಯಿತು. ತಮ್ಮ ಮೇಲೆಯೇ ಸುಳ್ಳು ಆರೋಪ ಹೊರಿಸಿಕೊಂಡ ಕಾಗದಗಳಿಗೆ ಜನ ಸಹಿ ಹಾಕಿದರು. ಮನಸ್ಸಿನ ಸಂಶಯವನ್ನು ಪಕ್ಕದವರಲ್ಲಿ ಹೇಳಿಕೊಂಡರೆ ಅದು ಜೋನ್ಸ್‌ನ ಕಿವಿ ಮುಟ್ಟುತ್ತದೆಂಬ ಅಳುಕಿನಿಂದ ಪ್ರತಿಯೊಬ್ಬರೂ ತಮ್ಮ ಸಂಶಯದೊಡನೆ ಒಂಟಿಯಾದರು.

ಅದರ ಮೇಲೆ ಭಯ ಕೂತಿತು. ಗುಂಪನ್ನು ತೊರೆದ ಡೆಬೊರಾ ಲೇಟನ್ 1978ರ ಜೂನ್‌ನಲ್ಲಿ ಸಲ್ಲಿಸಿದ ಪ್ರಮಾಣಪತ್ರ, ಗುಂಪು ಗಯಾನಾಕ್ಕೆ ಹೋದ ಮೇಲೆ ಜೋನ್ಸ್‌ಟೌನ್‌ನಲ್ಲಿ ನಡೆಯುತ್ತಿದ್ದ 'ಬಿಳಿ ರಾತ್ರಿ'ಗಳೆಂಬ ತುರ್ತು ಸಭೆಗಳನ್ನು ವಿವರಿಸುತ್ತದೆ. ಅಂಥ ಒಂದು ಸಂದರ್ಭದಲ್ಲಿ ಮಕ್ಕಳೂ ಸೇರಿ ಎಲ್ಲರಿಗೂ ಕೆಂಪು ದ್ರವದ ಸಣ್ಣ ಲೋಟ ಕೊಟ್ಟು, ಇದು ವಿಷ, ಮುಕ್ಕಾಲು ಗಂಟೆಯಲ್ಲಿ ಸಾಯುತ್ತೀರಿ ಎಂದರು. ಎಲ್ಲರೂ ಕುಡಿದರು. ಆಮೇಲೆ ಇದು ನಿಷ್ಠೆಯ ಪರೀಕ್ಷೆಯಷ್ಟೇ ಎಂದು ಜೋನ್ಸ್ ತಿಳಿಸಿದ. ಸಾವನ್ನು ಮುಂದಿಟ್ಟವನೂ ಅವನೇ, ಜೀವದಾನ ಕೊಟ್ಟವನೂ ಅವನೇ. ಬೆದರಿದ ಮಗು ಸಾಕುವವರ ಮಡಿಲಿಗೆ ಓಡುತ್ತದೆ. ಬೆದರಿಸಿದವರೇ ಸಾಕುವವರಾದರೆ ಅದಕ್ಕೆ ದಿಕ್ಕು ತೋಚದು. ಮಕ್ಕಳ ಬಾಂಧವ್ಯದ ಅಧ್ಯಯನದಿಂದ ಬಂದ ಈ ತಿಳಿವಳಿಕೆಯನ್ನು ಸಮಾಜ ಮನೋವಿಜ್ಞಾನಿ ಅಲೆಕ್ಸಾಂಡ್ರಾ ಸ್ಟೈನ್ 2017ರ ತಮ್ಮ ಕೃತಿಯಲ್ಲಿ ಇಂಥ ಗುಂಪುಗಳಿಗೆ ಅನ್ವಯಿಸಿದ್ದಾರೆ. ಓಡಿಹೋಗಿ ಸೇರಲು ಬೇರೆ ಮಡಿಲಿಲ್ಲದಾಗ ಮಾತ್ರ ಈ ಹಿಡಿತ ಪೂರ್ತಿಯಾಗುತ್ತದೆ ಎಂಬುದನ್ನು ಜೋನ್ಸ್‌ಟೌನ್ ತೋರಿಸುತ್ತದೆ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯೂನಿಫಿಕೇಶನ್ ಚರ್ಚ್ ಎಂಬ ಇನ್ನೊಂದು ಧಾರ್ಮಿಕ ಗುಂಪಿನ ಶಿಬಿರಗಳಿಗೆ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜನ ಸದಸ್ಯರಾಗಲೇ ಇಲ್ಲ. ತಡೆಯಲಾಗದ ಮನಃಪರಿವರ್ತನೆಯ ತಂತ್ರವಿದೆ ಎಂಬ ಮಾತನ್ನು ಇದು ಅಲ್ಲಗಳೆಯುತ್ತದೆ. ಒಪ್ಪತಕ್ಕದ್ದೇ. ಆದರೆ ಸೇರುವ ಹಂತದ ಈ ಲೆಕ್ಕ, ಪೀಪಲ್ಸ್ ಟೆಂಪಲ್‌ನಲ್ಲಿ ವರ್ಷಗಟ್ಟಲೆ ಉಳಿದು ಮನೆ, ಪಿಂಚಣಿ, ಪಾಸ್‌ಪೋರ್ಟ್ ಎಲ್ಲ ಒಪ್ಪಿಸಿದವರ ಸ್ಥಿತಿಯನ್ನು ಅಳೆಯುವುದಿಲ್ಲ. ಇನ್ನೊಂದು ಆಕ್ಷೇಪ, ಅಂದು ಸುತ್ತ ಬಂದೂಕುಗಳಿದ್ದವು, ಮನಸ್ಸಿನ ಮಾತೇಕೆ ಎಂಬುದು. ಬಂದೂಕುಗಳಿದ್ದದ್ದು ನಿಜ. ಆದರೂ ಕೊನೆಯ ಸಭೆಯ ಧ್ವನಿಮುದ್ರಿಕೆಯಲ್ಲಿ, ಮಕ್ಕಳು ಬದುಕಲಿ ಎಂದು ವಾದಿಸಿದ ಕ್ರಿಸ್ಟೀನ್ ಮಿಲ್ಲರ್‌ಳ ಬಾಯಿ ಮುಚ್ಚಿಸಿದ್ದು ಕಾವಲುಗಾರರ ಗುಂಡಲ್ಲ, ಜೊತೆಗಾರರ ಕೂಗು.

ಅದೇ ದಿನ ತಪ್ಪಿಸಿಕೊಂಡವರನ್ನು ನೋಡಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಜೋನ್ಸ್‌ಟೌನ್‌ನ ಸ್ಥಿತಿಗತಿ ನೋಡಲು ಬಂದಿದ್ದ ಅಮೆರಿಕದ ಸಂಸದ ಲಿಯೋ ರಯಾನ್ ಜೊತೆ ಹೊರಡುತ್ತೇವೆಂದವರಲ್ಲಿ ಹೆಚ್ಚಿನವರು ಎರಡು ಕುಟುಂಬಗಳಿಗೆ ಸೇರಿದವರು. ಅಂದು ಬೆಳಿಗ್ಗೆ ವನಭೋಜನದ ನೆಪ ಹೇಳಿ ಕಾಡು ಹಾದು ನಡೆದ ಹನ್ನೊಂದು ಮಂದಿಯಲ್ಲಿ ತಂದೆ, ತಾಯಿ, ಮಕ್ಕಳೆಲ್ಲ ಇದ್ದ ಒಂದು ಇಡೀ ಸಂಸಾರವಿತ್ತು. ಮೂರು ವರ್ಷದ ಮಗನನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿಯೊಬ್ಬಳಿದ್ದಳು. ಒಬ್ಬರ ಗುಟ್ಟನ್ನು ಇನ್ನೊಬ್ಬರು ಹೊರಗೆ ಬಿಟ್ಟಿರಲಿಲ್ಲ.