ಬೇಡದ ಇ-ಮೇಲ್: ಗುರುತಿಸುವುದು ಹೇಗೆ, ಕಡಿಮೆ ಮಾಡುವುದು ಹೇಗೆ?



ಕಳೆದ ನವೆಂಬರಿನಲ್ಲಿ ಎರಡು ಸಂಗತಿಗಳು ನಡೆದವು. ರಾಜ್ಯೋತ್ಸವಕ್ಕೆ ನಾವು ಇ-ಮೇಲ್ ಮೂಲಕ ಕಳಿಸಿದ ಆಮಂತ್ರಣ ಇಚಲಕರಂಜಿ ಮತ್ತು ಗಡಹಿಂಗ್ಲಜದ ಹಲವು ಸದಸ್ಯರಿಗೆ ಕಾಣಲೇ ಇಲ್ಲ. "ನಮ್ಮನ್ನ ಯಾಕ ಕರೀಲಿಲ್ಲ?" ಎಂದು ಅವರು ಬೇಸರಪಟ್ಟ ಮೇಲೆ ಹುಡುಕಿದರೆ ಪತ್ರ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಅದೇ ತಿಂಗಳು ಕೊಲ್ಹಾಪುರದ ನಿವೃತ್ತ ಸದಸ್ಯರೊಬ್ಬರಿಗೆ, "ನಿಮ್ಮ ಹಯಾತಿ ದಾಖಲೆ ಬಂದಿಲ್ಲ, ಇಂದೇ ಮಾಹಿತಿ ತುಂಬದಿದ್ದರೆ ಪೆನ್ಶನ್ ನಿಲ್ಲುತ್ತದೆ" ಎಂಬ ಪತ್ರ ನೇರ ಇನ್‌ಬಾಕ್ಸಿಗೇ ಬಂತು. ಅವರು ಲಿಂಕ್ ಒತ್ತಿ ಖಾತೆ ನಂಬರನ್ನೂ ತುಂಬಿದ್ದರು. ಓಟಿಪಿ ಕೊಡುವ ಮೊದಲು ಸೊಸೆ ನೋಡಿ ತಡೆದದ್ದರಿಂದ ಹಣ ಉಳಿಯಿತು.

ಬರಬೇಕಾದ ಪತ್ರ ಕಾಣಲಿಲ್ಲ, ಬರಬಾರದ ಪತ್ರ ಎದುರಿಗೇ ಬಂತು. ಆದ್ದರಿಂದ ಈ ಮಾಹಿತಿಯನ್ನು ಎಲ್ಲರ ಅವಗಾಹನೆಗೆ ತರುತ್ತಿದ್ದೇವೆ.

ಸ್ಪ್ಯಾಮ್ ಎಂದರೇನು?

ನಾವು ಕೇಳದೆ, ಸಾವಿರಾರು ಜನರಿಗೆ ಒಟ್ಟಿಗೇ ಕಳಿಸುವ ಇ-ಮೇಲ್‌ಗೆ ಸ್ಪ್ಯಾಮ್ ಎನ್ನುತ್ತಾರೆ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಎಂಬವರು ಕಂಪ್ಯೂಟರ್ ಮಾರಾಟಕ್ಕಾಗಿ ಸುಮಾರು 400 ಜನರಿಗೆ ಕಳಿಸಿದ ಪತ್ರವೇ ಇಂಥವುಗಳಲ್ಲಿ ಮೊದಲನೆಯದು ಎನ್ನಲಾಗುತ್ತದೆ. 'ಸ್ಪ್ಯಾಮ್' ಎಂಬುದು ಡಬ್ಬಿಯಲ್ಲಿ ಮಾರುವ ಮಾಂಸದ ಹೆಸರು. 1970ರ ಬ್ರಿಟಿಷ್ ಟಿವಿ ಪ್ರಹಸನವೊಂದರಲ್ಲಿ ಆ ಶಬ್ದವನ್ನೇ ಮತ್ತೆ ಮತ್ತೆ ಕೂಗಿ ಉಳಿದ ಮಾತು ಕೇಳದಂತೆ ಮಾಡುತ್ತಾರೆ. ಹೆಸರು ಅಲ್ಲಿಂದ ಬಂತು.

ಅಂಚೆಯಲ್ಲಿ ಕಳಿಸಲು ತಿಕೀಟು ಬೇಕು. ಇ-ಮೇಲ್‌ಗೆ ಹೆಚ್ಚಿನ ಖರ್ಚಿಲ್ಲ. ಲಕ್ಷ ಜನರಲ್ಲಿ ಒಬ್ಬರು ಸಿಕ್ಕರೂ ಕಳಿಸಿದವನಿಗೆ ಲಾಭ.

ನಮ್ಮ ವಿಳಾಸ ಅವರಿಗೆ ಹೇಗೆ ಸಿಗುತ್ತದೆ?

ಅಂಗಡಿಯ ಬಿಲ್ಲು, ಪ್ರದರ್ಶನದ ಲಕ್ಕಿ ಡ್ರಾ ಚೀಟಿ, ಮೊಬೈಲ್ ಆ್ಯಪ್, ಕಂಪನಿಗಳಿಂದ ಸೋರಿದ ಯಾದಿ, ಹೀಗೆ ದಾರಿಗಳು ಹಲವು. ಇದರಲ್ಲಿ ನಮ್ಮ ತಪ್ಪೂ ಇದೆ. ಇಷ್ಟು ದಿನ ಎಲ್ಲ ಸದಸ್ಯರ ವಿಳಾಸಗಳನ್ನು 'ಟು' ಜಾಗದಲ್ಲೇ ಹಾಕಿ ಕಳಿಸುತ್ತಿದ್ದೆವು. ಯಾರಾದರೂ ಅದನ್ನು ಫಾರ್ವರ್ಡ್ ಮಾಡಿದರೆ ಇಡೀ ಯಾದಿ ಹೊರಗೆ ಹೋಗುತ್ತದೆ. ಇನ್ನು ಮುಂದೆ 'ಬಿಸಿಸಿ' ಜಾಗದಲ್ಲಿ ಹಾಕುತ್ತೇವೆ. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಸದಸ್ಯರೂ ಇದನ್ನೇ ಪಾಲಿಸಬೇಕಾಗಿ ವಿನಂತಿ.

ಎರಡು ಬಗೆ, ಎರಡು ಉಪಾಯ

1. ಪರಿಚಯದ ಅಂಗಡಿ, ಕಂಪನಿಯ ಜಾಹೀರಾತು: ಇದಕ್ಕೆ 'ಅನ್‌ಸಬ್‌ಸ್ಕ್ರೈಬ್' ಒತ್ತಿರಿ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು, ಒಂದೇ ಸಲ ಒತ್ತಿ ಹೊರಬರುವ ಸೌಲಭ್ಯವನ್ನು ಜಾಹೀರಾತಿನ ಪತ್ರಗಳಲ್ಲಿ ಕೊಡಬೇಕೆಂದು 2024ರಲ್ಲಿ ಗೂಗಲ್ ನಿಯಮ ಮಾಡಿದೆ.

2. ಗುರುತಿಲ್ಲದವರ ಪತ್ರ, ಬಹುಮಾನ, ಬೆದರಿಕೆ: ಇದರಲ್ಲಿ ಏನನ್ನೂ ಒತ್ತಬೇಡಿ, 'ಅನ್‌ಸಬ್‌ಸ್ಕ್ರೈಬ್' ಕೂಡ ಬೇಡ. ಒತ್ತಿದರೆ ಈ ವಿಳಾಸ ಬಳಕೆಯಲ್ಲಿದೆ ಎಂದು ಅವರಿಗೆ ತಿಳಿಯುತ್ತದೆ. 'ರಿಪೋರ್ಟ್ ಸ್ಪ್ಯಾಮ್' ಮಾಡಿರಿ.

ಮೋಸದ ಪತ್ರದ ಗುರುತು

ಮೊದಲೆಲ್ಲ ಕಾಗುಣಿತದ ತಪ್ಪು ನೋಡಿ ಕಂಡುಹಿಡಿಯಬಹುದಿತ್ತು. ಈಗ ಮೋಸಗಾರರೂ ಯಂತ್ರದಿಂದ ಶುದ್ಧ ಭಾಷೆ ಬರೆಸುತ್ತಾರೆ. ಆದ್ದರಿಂದ ಕಳಿಸಿದವರ ಹೆಸರನ್ನಲ್ಲ, ಪೂರ್ಣ ವಿಳಾಸವನ್ನು ನೋಡಿರಿ. ಸರಕಾರಿ ವಿಳಾಸದ ಕೊನೆಯಲ್ಲಿ ಸಾಮಾನ್ಯವಾಗಿ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಇರುತ್ತದೆ. ಬ್ಯಾಂಕುಗಳು ತಮ್ಮ ಜಾಲತಾಣವನ್ನು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಈ ಅಕ್ಷರಗಳು ವಿಳಾಸದ ನಡುವೆ ಇದ್ದರೆ ಲೆಕ್ಕಕ್ಕಿಲ್ಲ, ಕೊನೆಯಲ್ಲೇ ಇರಬೇಕು. ಅಷ್ಟಾದರೂ ಸಂಶಯವಿದ್ದರೆ ಲಿಂಕ್ ಬಿಟ್ಟು ನೇರವಾಗಿ ಶಾಖೆಗೆ ಹೋಗಿ ಕೇಳಿರಿ.

ಅವಸರ ಮಾಡಿಸುವ ಪತ್ರವನ್ನು ಮೊದಲು ಸಂಶಯಿಸಿರಿ. ಹಯಾತಿ ದಾಖಲೆಯನ್ನು ಬ್ಯಾಂಕಿನಲ್ಲಿ ಕೊಡಬಹುದು, ಆಧಾರ್ ಮೂಲಕ 'ಜೀವನ್ ಪ್ರಮಾಣ'ದಲ್ಲೂ ಕೊಡಬಹುದು, ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೇವೆಯೂ ಇದೆ. ಇ-ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಖಾತೆ ನಂಬರ್ ತುಂಬುವ ಕಾರಣವೇ ಇಲ್ಲ.

ಒಳ್ಳೆಯ ಪತ್ರ ಕಳೆಯದಿರಲು

ಜಿಮೇಲ್‌ನ ಸ್ಪ್ಯಾಮ್ ಫೋಲ್ಡರಿಗೆ ಹೋದ ಪತ್ರ 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅಲ್ಲಿ ಕಣ್ಣಾಡಿಸಿರಿ. ನಮ್ಮ ಪತ್ರ ಇದ್ದರೆ 'ನಾಟ್ ಸ್ಪ್ಯಾಮ್' ಒತ್ತಿ, ಸಂಘದ ವಿಳಾಸವನ್ನು ಕಾಂಟ್ಯಾಕ್ಟ್ಸ್‌ನಲ್ಲಿ ಸೇರಿಸಿಕೊಳ್ಳಿರಿ.

ಯಾರಿಗಾದರೂ ನಮ್ಮ ಪತ್ರ ಬೇಡವಾದರೆ ಒಂದು ಸಾಲು ಬರೆಯಿರಿ, ಹೆಸರು ತೆಗೆಯುತ್ತೇವೆ, ಬೇಸರವಿಲ್ಲ. 'ಸ್ಪ್ಯಾಮ್' ಎಂದು ಮಾತ್ರ ಗುರುತು ಹಾಕಬೇಡಿ. ಎಷ್ಟು ಜನ ಹಾಗೆ ಮಾಡಿದರು ಎಂಬುದನ್ನೂ ಯಂತ್ರ ಲೆಕ್ಕ ಇಡುತ್ತದೆ. ಕೊಲ್ಹಾಪುರದಲ್ಲಿ ನಾಲ್ಕು ಜನ ಒತ್ತಿದರೆ ಗಡಹಿಂಗ್ಲಜದ ಸದಸ್ಯರಿಗೂ ಆಮಂತ್ರಣ ತಪ್ಪಬಹುದು.

ಮೋಸ ಆಗಿಯೇ ಹೋದರೆ

ನಾಚಿಕೆಪಟ್ಟು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿರಿ. ಹಣ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಯುವ ಸಾಧ್ಯತೆ ಇರುತ್ತದೆ, ತಡವಾದಷ್ಟೂ ಅದು ಕಡಿಮೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಮಾರಾಟದ ಫೋನ್ ಮತ್ತು ಎಸ್ಸೆಮ್ಮೆಸ್ ತಡೆಯಲು 1909ರಲ್ಲಿ ನೋಂದಣಿ ಇದೆ. ಇ-ಮೇಲ್‌ಗೆ ಅಂಥ ನೋಂದಣಿ ಇಲ್ಲ, ನಮ್ಮ ಎಚ್ಚರವೇ ಕಾವಲು.

ಮುಂದಿನ ಮಾಸಿಕ ಸಭೆಗೆ ಹಿರಿಯರು ತಮ್ಮ ಫೋನ್ ತರಬೇಕಾಗಿ ವಿನಂತಿ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ, ಒಬ್ಬೊಬ್ಬರ ಸ್ಪ್ಯಾಮ್ ಫೋಲ್ಡರ್ ತೆರೆದು ನೋಡೋಣ. ಯಾರದೋ ಮದುವೆಯ ಕರೆಯೋಲೆ ಅಲ್ಲೇ ಕಾಯುತ್ತಿರಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ